ಉಡಿ ತುಂಬಿದ ಬಾಟಲಿಗಳು

ಮನುಷ್ಯಕುಲದ ಸಮಸ್ತ ಜ್ಞಾನವೂ ಶುದ್ಧತೆಯ ಅಡಿಪಾಯದ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಅದು ಕೆಲವು ದಿನ ತಿಜೋರಿಯ ಮೇಲೆ, ಹಳೆಯ ಗಾದಿಯ ಸುರುಳಿಗೂ ಕೆಟ್ಟುಹೋದ ಟೇಬಲ್ ಫ್ಯಾನಿಗೂ ನಡುವೆ ನಿಂತಿತ್ತು.

ನಿಂತದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಒಂದು ಡಜನ್ ಪ್ಲಾಸ್ಟಿಕ್ ಬಾಟಲಿಗಳು. ಪ್ರತಿ ಬಾಟಲಿಯೂ ಒಂದು ಜಿಪ್ ಚೀಲದೊಳಗೆ, ಆ ಚೀಲ ಇನ್ನೊಂದು ಜಿಪ್ ಚೀಲದೊಳಗೆ. ತಂದವಳು ನನ್ನ ತಮ್ಮನ ಮಗಳು. ತಮ್ಮನಿಗೆ ಮುಂಡಗೋಡದಲ್ಲಿ ಬೀಜ ಗೊಬ್ಬರದ ಅಂಗಡಿ ಇದೆ. ಮಗಳು ಗೋವಾದಲ್ಲಿ ಸಮುದ್ರದ ನೀರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಸಮುದ್ರದಲ್ಲಿ ಕಬ್ಬಿಣ, ತಾಮ್ರ, ಸತು ಎಷ್ಟೆಷ್ಟಿವೆ, ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದು ಅವಳ ವಿಷಯ. ಇದನ್ನು ನಾನು ಹಳಿಯಾಳದ ಪೇಟೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ಕಿರಾಣಿ ಅಂಗಡಿಯವರು ತಕ್ಕಡಿ ಕೆಳಗಿಟ್ಟು, "ಹಡಗ ಮುಳಗ್ಯಾವೇನ್ರಿ ಸರ, ಅಲ್ಲೆ?" ಎಂದು ಕೇಳಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೀಗಾಗಿ ಉತ್ತರ ಕೊಡುವುದು ನನ್ನ ಕರ್ತವ್ಯವಾಗಿತ್ತು. ಅರ್ಧ ಕಿಲೋ ತೊಗರಿಬೇಳೆ ಕೊಂಡು ಬಂದೆ.

ಸಮುದ್ರದವಳಿಗೆ ನಮ್ಮೂರಲ್ಲಿ ಏನು ಕೆಲಸ ಎಂದರೆ, ಅವಳಿಗೆ ಬೇಕಾದದ್ದು ಕಾಳಿ ನದಿಯ ನೀರು. ಅದೂ ಎಲ್ಲರಿಗೂ ಕಾಣುವ ನೀರಲ್ಲ, ಜೊಯಿಡಾ ಕಡೆಯ ಅಣೆಕಟ್ಟಿನ ಹಿನ್ನೀರಿನ ತಳದ್ದು. ಬೇಸಿಗೆಯ ಕೊನೆಯಲ್ಲಿ, ಮಳೆ ಬೀಳುವ ಮುಂಚೆ ತೆಗೆಯಬೇಕು. ಹೋದ ವರ್ಷ ಒಂದು ಸಲ ತೆಗೆದಿದ್ದಳು. ಈ ವರ್ಷ ಇನ್ನೊಂದು ಸಲ ತೆಗೆದರೆ ಅವಳ ಪ್ರಬಂಧದ ನದಿಯ ಅಧ್ಯಾಯ ಪೂರ್ತಿಯಾಗುತ್ತಿತ್ತು. ಅವಳ ಗೈಡಿಗೆ ಮೊದಲಿನಿಂದಲೂ ಆ ಅಧ್ಯಾಯ ಬೇಡವಾಗಿತ್ತು. ಒಂದೇ ವರ್ಷದ ನೀರಿನ ಮೇಲೆ ಒಂದು ಸಾಲನ್ನೂ ಒಪ್ಪುವುದಿಲ್ಲ ಎಂದು ಅವರು ಹೇಳಿಯಾಗಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ಅವಳ ಫೆಲೋಶಿಪ್ಪೂ ಮುಗಿಯುವುದಿತ್ತು. ಮುಂದಿನ ಬೇಸಿಗೆ ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ.

"ಹಡಗಿನ್ಯಾಗ ಹೋಗಿ ತಂದ ಸಮುದ್ರದ ನೀರು ಎಲ್ಲಾರದೂ, ದೊಡ್ಡಪ್ಪ," ಎಂದಳು ಬಂದ ದಿನ. "ಹತ್ತು ಮಂದಿ ಕೂಡಿ ತೆಗದದ್ದು, ಹತ್ತು ಮಂದಿ ಹೆಸರು. ಹೊಳಿದಷ್ಟ ನನ್ನದು."

ನನ್ನ ಹೆಂಡತಿಗೆ ಇದೆಲ್ಲ ಅರ್ಥವಾಗಬೇಕಿತ್ತು. ಅರ್ಥವಾಗದ ಕೆಲಸಕ್ಕೆ ಬುತ್ತಿ ಕಟ್ಟಿಕೊಡುವುದು ಅವಳ ಜಾಯಮಾನವಲ್ಲ. ರೊಟ್ಟಿ ಬಡಿಯುತ್ತಲೇ ವಿಚಾರಣೆ ಆರಂಭಿಸಿದಳು.

"ಸಮುದ್ರ ಮೂರಂತಸ್ತಿನ ಮನಿ ಇದ್ದಂಗ, ದೊಡ್ಡವ್ವ," ಎಂದಳು ಹುಡುಗಿ. "ಮ್ಯಾಲಿನ ಅಂತಸ್ತಿಗೆ ಗಾಳಿ ಐತಿ. ತೀರಾ ಕೆಳಗೂ ದೂರದಿಂದ ತಂಪ ನೀರು ಗಾಳಿ ಹೊತ್ಕೊಂಡ ಬರತೈತಿ. ನಮ್ಮ ಕಡೆ ಸಮುದ್ರದಾಗ ನಡುವಿನ ಅಂತಸ್ತಿಗೆ ಉಸಿರಽ ಇಲ್ಲ."

"ಕಿಡಕಿ ಇಟ್ಟಿಲ್ಲೇನ?"

"ಬಂದಷ್ಟು ಗಾಳಿ ಒಳಗಿನವರು ಉಂಡಬಿಡತಾರ. ಮ್ಯಾಲಿಂದ ಸತ್ತ ಹುಳಾ ಹುಪ್ಪಡಿ ಬೀಳತಾವು. ಅವನ್ನ ಕೊಳಸೂ ಸೂಕ್ಷ್ಮಜೀವಿಗಳು ಉಸಿರೆಲ್ಲಾ ತೀರಸತಾವು. ತೀರಿದ ಮ್ಯಾಲ ತುಕ್ಕಿನ್ಯಾಗಿನ ಉಸಿರಿಗೂ ಕೈ ಹಾಕತಾವು."

"ತುಕ್ಕಿನ್ಯಾಗ ಉಸಿರು ಎಲ್ಲಿಂದ ಬಂತವಾ?"

ಇಲ್ಲಿ ನಾನು ಗಂಟಲು ಸರಿಪಡಿಸಿಕೊಂಡೆ. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಸೇರಿಯೇ ತುಕ್ಕಾಗುವುದೆಂದೂ, ಆಮ್ಲಜನಕವಿಲ್ಲದೆ ದೀಪವೂ ಉರಿಯದೆಂದೂ ಹೇಳಿ, ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ತೋರಿಸಿದೆ. ನನ್ನ ವೃತ್ತಿಜೀವನದಲ್ಲಿ ಎಂದೂ ಕೈಕೊಡದ ಪ್ರಯೋಗ ಅದೊಂದೇ. ಬತ್ತಿ ಆರಿತು. ಹೆಂಡತಿ ಲೋಟಕ್ಕೆ ಹತ್ತಿದ ಮಸಿ ನೋಡಿ, ತೊಳೆಯುವವರು ಯಾರು ಎಂದು ಕೇಳಿದಳು.

ಹುಡುಗಿ ಮುಂದುವರಿಸಿದಳು. ಉಸಿರು ಕಸಿದುಕೊಂಡ ಮೇಲೆ ತುಕ್ಕು ನೀರಲ್ಲಿ ಕರಗುತ್ತದೆ. ಕಬ್ಬಿಣ, ಮ್ಯಾಂಗನೀಸು ಕಣ್ಣಿಗೆ ಕಾಣದಂತಾಗಿ ನೀರಿನೊಡನೆ ಸಾಗುತ್ತವೆ. ಎಲ್ಲಿಯಾದರೂ ಗಾಳಿಯಿರುವ ನೀರು ಎದುರಾಯಿತೋ, ಮತ್ತೆ ತುಕ್ಕು, ಮತ್ತೆ ಕೆಳಕ್ಕೆ. ಬಿದ್ದಲ್ಲಿ ಉಸಿರಿಲ್ಲದಿದ್ದರೆ ಮತ್ತೆ ಕರಗುವುದು. ಹೀಗೆ ಸುತ್ತು. ತಾಮ್ರ, ಸತು, ಕೋಬಾಲ್ಟಿನಂಥ ಚಿಲ್ಲರೆ ಲೋಹಗಳು ಈ ತುಕ್ಕಿನ ಬೆನ್ನಿಗಂಟಿಕೊಂಡು ಬೀಳುತ್ತವೆ, ತುಕ್ಕು ಕರಗಿದಾಗ ಬಿಡುಗಡೆಯಾಗುತ್ತವೆ. ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕವಿದ್ದರೆ ಅವುಗಳಲ್ಲಿ ಕೆಲವು ಅದರ ಕೈಗೆ ಸಿಕ್ಕಿ ಕೆಸರಿನಲ್ಲಿ ಹೂತುಹೋಗುತ್ತವೆ. ಸಮುದ್ರದ ಮೇಲ್ಪದರದ ಸೂಕ್ಷ್ಮ ಸಸ್ಯಗಳು ಬದುಕುವುದಕ್ಕೆ ಈ ಲೋಹಗಳ ಚಿಟಿಕೆ ಪಾಲು ಬೇಕೇ ಬೇಕು. ಮೀನು ಬದುಕುವುದು ಆ ಸಸ್ಯಗಳಿಂದ.

ಸರಕಾರಿ ನೌಕರಿಯಲ್ಲಿದ್ದವನಿಗೆ ಈ ವ್ಯವಸ್ಥೆ ಹೊಸದೆನಿಸಲಿಲ್ಲ. ಒಂದು ತಾಲೂಕಿನಲ್ಲಿ ಕರಗಿ ಇನ್ನೊಂದರಲ್ಲಿ ತಳವೂರುವುದಕ್ಕೆ ನಮ್ಮಲ್ಲಿ ವರ್ಗಾವಣೆ ಎನ್ನುತ್ತಿದ್ದೆವು.

"ಅಂದ್ರ ಉಸಿರಾಡಿದವ ಬೀಳತಾನ, ಉಸಿರ ಹಿಡಕೊಂಡವ ತೇಲತಾನ," ಎಂದು ಹೆಂಡತಿ ತೀರ್ಪು ಕೊಟ್ಟಳು. "ಈ ಮನ್ಯಾಗ ನಾ ಹೆಂಗ ಬಾಳೆ ಮಾಡೇನಿ ಅನ್ನೂದು ಈಗ ತಿಳೀತು. ಹೊಳೀದೇನು ಮತ್ತ?"

ಹೊಳೆಯದೂ ಅದೇ ಕತೆ. ಅಣೆಕಟ್ಟಿನಲ್ಲಿ ನಿಂತ ನೀರಿನ ಮೇಲ್ಭಾಗ ಬೇಸಿಗೆಯಲ್ಲಿ ಕಾದು ಮುಚ್ಚಳದಂತೆ ಕೂರುತ್ತದೆ. ತಳದ ತಣ್ಣನೆಯ ನೀರಿಗೆ ಗಾಳಿ ತಲುಪುವುದಿಲ್ಲ. ಅಲ್ಲಿ ಮುಳುಗಿದ ಕಾಡಿನ ಎಲೆ, ಬೊಡ್ಡೆ ಕೊಳೆಯುತ್ತಿರುತ್ತವೆ. ಜೊಯಿಡಾದ ಗುಡ್ಡಗಳಲ್ಲಿ ಮ್ಯಾಂಗನೀಸು ಇರುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದು ಮಣ್ಣಿನೊಡನೆ ಹರಿದು ಬಂದು ತಳ ಸೇರಿ ಕರಗುತ್ತದೆ. ಆ ನೀರು ದಾಂಡೇಲಿ, ಕೋಗಿಲಬನ ದಾಟಿ ಕಾರವಾರದಲ್ಲಿ ಸಮುದ್ರಕ್ಕೆ ಬೀಳುತ್ತದೆ. ಮಳೆಗಾಲದ ಹೊತ್ತಿಗೆ ಸಮುದ್ರದ ಉಸಿರಿಲ್ಲದ ನೀರೂ ದಂಡೆಯ ಹತ್ತಿರ ಏರಿ ಬರುತ್ತದೆ. ಆಗ ಅಲ್ಲಿ ಸಿಗುವ ಲೋಹದಲ್ಲಿ ಸಮುದ್ರದ ಪಾಲೆಷ್ಟು, ಕಾಳಿಯ ಪಾಲೆಷ್ಟು? ಇದು ಅವಳ ಅಧ್ಯಾಯ. ಮಳೆ ಸುರಿದು ಹೊಸ ನೀರು ನುಗ್ಗಿತೆಂದರೆ ಮೇಲಿನದು ಕೆಳಗಾಗಿ, ಕೆಳಗಿನದು ಮೇಲಾಗಿ, ತಳದ ನೀರು ಎಂಬುದೇ ಉಳಿಯುವುದಿಲ್ಲ.

ತೊಂದರೆ ಇದ್ದದ್ದು ಚಿಲ್ಲರೆ ಲೋಹಗಳ ಪ್ರಮಾಣದಲ್ಲಿ. ಅವು ಎಷ್ಟು ಕಡಿಮೆಯೆಂದರೆ, ಅಳೆಯುವವನ ಉಂಗುರ ತಾಗಿದರೆ ನದಿಯ ಬದಲು ಉಂಗುರವನ್ನು ಅಳೆದಂತಾಗುತ್ತದೆ. ಅದಕ್ಕೇ ಆ ಬಾಟಲಿಗಳನ್ನು ವಾರಗಟ್ಟಲೆ ಆಸಿಡ್ಡಿನಲ್ಲಿ ನೆನೆಹಾಕಿ, ಧೂಳೇ ಇಲ್ಲದ ಕೋಣೆಯಲ್ಲಿ ಒಣಗಿಸಿ, ಜೋಡಿ ಚೀಲದಲ್ಲಿ ತುಂಬಿದ್ದು. ಹುಡುಗಿ ನನ್ನ ಉಂಗುರ ಬಿಚ್ಚಿಸಿದಳು. ನನ್ನ ಹಳೆಯ ಜೀಪನ್ನು ಸುತ್ತಾಡಿ ನೋಡಿ, ಲೋಹವಲ್ಲದ ಭಾಗ ಯಾವುದಾದರೂ ಇದೆಯೇ ಎಂದು ಕೇಳಿದಳು. ಸೀಟಿನ ರೆಕ್ಸಿನ್ ತೋರಿಸಿದೆ. ಅದೂ ಹರಿದಿತ್ತು.

"ಈ ಪೆಟಿಗಿ ಯಾರೂ ಮುಟ್ಟಬಾರದು, ದೊಡ್ಡವ್ವ. ಕಸಾ ಹೊಡಿಯೂವಾಗ ಸೈತ."

"ಮುಸರಿ ಕೈಲೆ ಯಾರ ಮುಟ್ಟತಾರವಾ? ನಾವೇನ ಅಷ್ಟ ತಿಳಗೇಡಿಗಳೇನ?"

"ಯಾವ ಕೈಲೇನೂ ಬ್ಯಾಡ."

"ಆತ ಬಿಡು."

ಹೆಂಡತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಪೆಟ್ಟಿಗೆಯನ್ನು ಕಾಯ್ದಳು. ಕೆಲಸಕ್ಕೆ ಬರುವ ಹೆಣ್ಣುಮಗಳನ್ನು ಆ ಕೋಣೆಗೆ ಬಿಡಲಿಲ್ಲ. ತೇರಗಾಂವದಿಂದ ಬಂದ ಅವಳ ತಮ್ಮ ತಿಜೋರಿಯ ಮೇಲೆ ಟೊಪ್ಪಿಗೆ ಇಡಲು ಕೈ ಎತ್ತಿದಾಗ, "ಅಲ್ಲೆ ಸಮುದ್ರ ಐತಿ, ಕೈ ತಗಿ!" ಎಂದು ಕೂಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪಾಪ, ಆತ ಊಟದುದ್ದಕ್ಕೂ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಹಿನ್ನೀರಿನಲ್ಲಿ ದೋಣಿ ಇಳಿಸಲು ಒಂದು ದಿನದ ಅಪ್ಪಣೆ ಸಿಕ್ಕಿತ್ತು. ಅದೂ ಮೇ ತಿಂಗಳ ಕಟ್ಟಕಡೆಗೆ. ಅಷ್ಟರಲ್ಲಿ ಪಶ್ಚಿಮದ ಮೋಡ ದಿನಾ ಮಧ್ಯಾಹ್ನ ಬಂದು ಮುಖ ತೋರಿಸಿ ಹೋಗತೊಡಗಿತ್ತು. ಹೊರಡುವ ದಿನ ಬೆಳಿಗ್ಗೆ ನಾನು ಜೀಪಿಗೆ ಡೀಸೆಲ್ ಹಾಕಿಸಿ ಬಂದಾಗ ಪಡಸಾಲೆಯಲ್ಲಿ ಉಡಿ ತುಂಬುವ ಕಾರ್ಯಕ್ರಮ ನಡೆದಿತ್ತು. ಮನೆಯಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಕುಬುಸದ ಖಣ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಬರಿ ಉಡಿಯಲ್ಲಿ ಯಾರನ್ನೂ ಕಳಿಸುವುದಿಲ್ಲ. ಹುಡುಗಿ ಜೀನ್ಸ್ ಪ್ಯಾಂಟಿನ ಮೇಲೆ ದುಪಟ್ಟಾ ಹರವಿ ಮಣೆಯ ಮೇಲೆ ಕೂತಿದ್ದಳು.

"ಗಂಡನ ಮನಿಗೆ ಹೊಂಟಿಲ್ಲ ದೊಡ್ಡವ್ವ, ಹಿನ್ನೀರಿಗೆ ಹೊಂಟೇನಿ."

"ಗಂಡನ ಮನ್ಯಾಗರ ಕಾಲ ಊರಾಕ ನೆಲಾ ಇರತೈತಿ. ಸುಮ್ಮ ಕುಂದ್ರು."

ಹುಡುಗಿ ನಕ್ಕಳು. ಅಕ್ಕಿಯನ್ನು ಗಂಟು ಕಟ್ಟಿ ನಮ್ಮ ಮನೆಯಲ್ಲೇ ಬಿಟ್ಟು, ಕೈ ತೊಳೆದು, ಪೆಟ್ಟಿಗೆಯನ್ನು ಎರಡು ಒಗೆದ ಚಾದರಗಳಲ್ಲಿ ಸುತ್ತಿ, ಜೀಪಿನಲ್ಲಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ದಾಂಡೇಲಿ ದಾಟಿ ಕಾಡು ಹೊಕ್ಕ ಮೇಲೆ ಪ್ರತಿ ತಿರುವಿನಲ್ಲೂ ಪೆಟ್ಟಿಗೆಯನ್ನು ಹಸುಗೂಸಿನಂತೆ ಎತ್ತಿ ಹಿಡಿಯುತ್ತಿದ್ದಳು. ನಾನು ಅಷ್ಟು ನಿಧಾನವಾಗಿ ಜೀಪು ಓಡಿಸಿದ್ದು ಅದಕ್ಕೆ ಮುಂಚೆ ಇಲ್ಲ. ಎಮ್ಮೆಗಳ ಹಿಂಡೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು.

ದೋಣಿಯವನು ಜೊಯಿಡಾ ಕಡೆಯ ಕೊಂಕಣಿ ಮಾತಿನ ಮೀನುಗಾರ. ಹೋದ ವರ್ಷವೂ ಆತನೇ ಬಂದಿದ್ದನಂತೆ. ಮೂವರೂ ನಡುನೀರಿಗೆ ಹೋದೆವು. ಸತ್ತ ಮರಗಳ ತುದಿಗಳು ಅಲ್ಲಲ್ಲಿ ನೀರಿನ ಮೇಲೆ ಎದ್ದಿದ್ದವು. ಹುಡುಗಿ ಮೊಣಕೈವರೆಗೆ ಕೈಗವಸು ಹಾಕಿಕೊಂಡು, ಎರಡೂ ತುದಿಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಕೊಳವೆಯನ್ನು ನೈಲಾನ್ ಹಗ್ಗದಲ್ಲಿ ಕೆಳಗಿಳಿಸಿದಳು. ಹಗ್ಗ ಇಳಿಯಿತು, ಇಳಿಯಿತು, ಮುಗಿಯುವಂತೆ ಕಾಣಲಿಲ್ಲ. ಆಮೇಲೆ ಒಂದು ತೂಕವನ್ನು ಹಗ್ಗದಗುಂಟ ಜಾರಿಸಿದಳು. ಕೆಳಗೆಲ್ಲೋ ಮುಚ್ಚಳಗಳು ಟಪ್ಪನೆ ಮುಚ್ಚಿಕೊಂಡದ್ದು ಹಗ್ಗದಲ್ಲಿ ತಿಳಿಯಿತು.

ಮೇಲೆ ಬಂದ ನೀರು ಸ್ವಚ್ಛವಾಗಿತ್ತು, ಐಸಿನಂತೆ ತಣ್ಣಗಿತ್ತು, ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅವಳ ಮುಖ ಅರಳಿತು. ಅಂಥ ವಾಸನೆಗೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿಲ್ಲ.

"ಹೋದ ವರ್ಷಕ್ಕಿಂತ ಛಲೋ ಐತಿ, ದೊಡ್ಡಪ್ಪ!"

"ನಾರೂದು?"

"ಹೂಂ!"

ದೋಣಿಯವನು ಪಶ್ಚಿಮಕ್ಕೆ ಕೈ ತೋರಿಸಿ, "ಪಾವ್ಸ್ ಯೆತಾ, ಮಾಸ್ತರ. ಮಳಿ ಬರ್ತದೆ. ಲಗೂನ ಮಾಡ್ರಿ," ಎಂದ.

ಅವಳು ಪೆಟ್ಟಿಗೆ ತೆರೆದಳು. ಹೊರಚೀಲ ಬಿಚ್ಚಿ, ಕೈಗವಸು ಬದಲಿಸಿ, ಒಳಚೀಲ ಬಿಚ್ಚಿ, ಬಾಟಲಿ ಹೊರತೆಗೆದು ಮುಚ್ಚಳ ತಿರುಗಿಸಿದಳು. ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇದೇನು ದೊಡ್ಡಪ್ಪ?"

ಬಾಟಲಿಯ ತಳದಲ್ಲಿ ಹಳದಿ ಬಣ್ಣದ ನಾಲ್ಕಾರು ಕಾಳು ಅಂಟಿಕೊಂಡಿದ್ದವು. ನನಗೆ ನೋಡಿದ ಕೂಡಲೇ ತಿಳಿಯಿತು. ವಿಜ್ಞಾನದ ಮಾಸ್ತರನಿಗೆ ತಕ್ಕ ಖಚಿತತೆಯಿಂದ, "ಅಕ್ಕಿ," ಎಂದೆ. ಆಮೇಲೆ ವಿವರ ಪೂರ್ತಿಯಾಗಲಿ ಎಂದು, "ಅರಿಷಿಣ ಹಚ್ಚಿದ್ದು," ಎಂದು ಸೇರಿಸಿದೆ.

ಅವಳು ಇನ್ನೊಂದು ಬಾಟಲಿ ತೆಗೆದಳು. ಅದರಲ್ಲೂ ಇತ್ತು. ಮತ್ತೊಂದು. ಮತ್ತೊಂದು. ಚೀಲಗಳ ಜಿಪ್ಪುಗಳನ್ನು ಎಷ್ಟು ಚೊಕ್ಕವಾಗಿ ತಿರುಗಿ ಹಾಕಲಾಗಿತ್ತೆಂದರೆ ಹೊರಗಿನಿಂದ ತಿಳಿಯುವ ಸಾಧ್ಯತೆಯೇ ಇರಲಿಲ್ಲ. ನನ್ನ ಹೆಂಡತಿ ಮಾಡುವ ಕೆಲಸ ಯಾವಾಗಲೂ ಚೊಕ್ಕ. ಕೊನೆಯ ಬಾಟಲಿಯವರೆಗೂ ಎಲ್ಲಕ್ಕೂ ಸಮನಾಗಿ ಹಂಚಿದ್ದಳು. ಯಾವ ಬಾಟಲಿಗೂ ಭೇದ ಮಾಡಿರಲಿಲ್ಲ.

ದೋಣಿಯವನು ಬಗ್ಗಿ ನೋಡಿ, ಏನೋ ಹೊಳೆದವನಂತೆ ತನ್ನ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಚಾಚಿದ. "ಇದರಾಗೆ ತಗೊಳ್ಳಿ ತಂಗಿ. ಸ್ವಚ್ಛ ಉಂಟು. ನಾ ಬಾಯಿ ಹಚ್ಚಿ ಕುಡಿಯೂದಿಲ್ಲ." ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, "ಬ್ಯಾಡ್ರಿ ಅಣ್ಣಾ," ಎಂದಳು. ಎಷ್ಟು ಮೆತ್ತಗೆ ಅಂದಳೆಂದರೆ ಆತ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ನಾಚಿದ.

ಗೋವಾದಿಂದ ಬೇರೆ ಬಾಟಲಿ ತರಿಸಬಹುದೇ ಎಂದು ಕೇಳಿದೆ. ತೊಳೆದವು ಇಷ್ಟೇ ಇದ್ದವು. ಹೊಸದಾಗಿ ತೊಳೆಯಲು ವಾರಗಳು ಬೇಕು. ನಾಳೆ ಬರಬಹುದೇ? ಅಪ್ಪಣೆ ಇವತ್ತಿನದು. ಕುದಿಸಿದರೆ? ಕುದಿಸುವುದು ಯಾವುದರಲ್ಲಿ, ದೊಡ್ಡಪ್ಪ? ನಾನು ಮೂವತ್ತೇಳು ಡಿಗ್ರಿ ಬಿಸಿಲಿನಲ್ಲಿ, ಕೈಯಲ್ಲಿ ಉಂಗುರವಿಲ್ಲದೆ, ಒಂದು ಪ್ರಶ್ನೆ ಮುಗಿಯುತ್ತಲೇ ಇನ್ನೊಂದು ಕೇಳುತ್ತಿದ್ದೆ. ತರಗತಿಯಲ್ಲಿ ಉತ್ತರ ಬಾರದ ಹುಡುಗರು ಹೀಗೇ ಮಾಡುತ್ತಿದ್ದರು.

ಅವಳು ಅಳಲಿಲ್ಲ. ಒಂದೊಂದೇ ಬಾಟಲಿಯ ಕಾಳು ಝಾಡಿಸಿ, ತಳದ ನೀರಿನಿಂದಲೇ ಮತ್ತೆ ಮತ್ತೆ ಗಲಬರಿಸಿ ಚೆಲ್ಲಿ, ಶೋಧಿಸಿ ತುಂಬತೊಡಗಿದಳು. ಹಳದಿ ಹೋಗಲಿಲ್ಲ. ಪ್ಲಾಸ್ಟಿಕ್ಕಿಗೆ ಅರಿಷಿಣ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಪ್ರತಿ ಬಾಟಲಿಗೂ ಚಿಕ್ಕ ಶೀಶೆಯಿಂದ ಆಸಿಡ್ಡಿನ ಹನಿ ಹಾಕಿದಳು. ಮುಚ್ಚಳ ಬಿಗಿದಳು. ಒಳಚೀಲ, ಹೊರಚೀಲ. ಎಲ್ಲವೂ ವಿಧಿವತ್ತಾಗಿ. ತೀರಿಹೋದವರ ಕಾರ್ಯಗಳನ್ನೂ ನಾವು ಹೀಗೇ ವಿಧಿ ತಪ್ಪದೆ ಮಾಡುತ್ತೇವೆ. ಕೊನೆಯ ಬಾಟಲಿ ಚೀಲ ಸೇರುವ ಹೊತ್ತಿಗೆ ದಪ್ಪ ಹನಿ ಬೀಳತೊಡಗಿತು. ದಂಡೆ ಮುಟ್ಟುವಷ್ಟರಲ್ಲಿ ಎದುರಿನ ಗುಡ್ಡ ಕಾಣಿಸುತ್ತಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನೀರ ಸಿಕ್ತೇನ?"

"ಸಿಕ್ತು ದೊಡ್ಡವ್ವ."

"ಸಿಗದ ಎಲ್ಲಿ ಹೋಗತೈತಿ? ಬರಿ ಬಾಟಲಿ ಕಳಿಸಿದ್ರ ಬರಿಗೈಲೆ ಬರತಿದ್ದಿ." ಟವೆಲ್ ಕೊಟ್ಟು ಹುಡುಗಿಯ ತಲೆಯನ್ನು ತಾನೇ ಒರೆಸತೊಡಗಿದಳು. "ನೀ ಏಳೂಕಿಂತ ಮೊದಲ ಎಲ್ಲಾದಕ್ಕೂ ಉಡಿ ತುಂಬೇನಿ. ನೀ ಹೇಳಿದ್ದು ನೆನಪಿತ್ತವಾ. ತಲಿಮ್ಯಾಲ ಜಳಕಾ ಮಾಡಿ, ಹಣಿಗೆ ಈಬತ್ತಿ ಹಚಗೊಂಡು, ಪೂಜಿ ಆದ ಮ್ಯಾಲ ಮುಟ್ಟೇನಿ. ಒಂದ ಮುಚ್ಚಳಾನೂ ನೆಲಕ್ಕ ಇಟ್ಟಿಲ್ಲ. ತಾಮ್ರದ ತಾಟಿನ್ಯಾಗ ಇಟ್ಟೇನಿ."

ನಾನು ಬಾಯಿ ತೆರೆದೆ. ಹುಡುಗಿ ಟವೆಲ್ಲಿನ ಅಡಿಯಿಂದಲೇ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಬಾಯಿ ಮುಚ್ಚಿದೆ. ತಾಮ್ರದ ತಾಟು ನಮ್ಮ ಮನೆಯ ಅತ್ಯಂತ ಶುದ್ಧವಾದ ವಸ್ತು. ಲಿಂಗಪೂಜೆಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಕೆಳಗಿಳಿಸುವುದಿಲ್ಲ. ಅವಳು ತನ್ನಲ್ಲಿರುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆ ಬಾಟಲಿಗಳಿಗೆ ಕೊಟ್ಟಿದ್ದಳು. ಯಾವ ಜಾಗದಿಂದ ಬೈಯಲು ಶುರು ಮಾಡಬೇಕೆಂದು ಹುಡುಕಿದರೂ ನನಗೆ ಸಿಗಲಿಲ್ಲ.

"ಮತ್ತ ಯಾಕ ಮಾರಿ ಸಣ್ಣದು ಮಾಡೀ?" ಎಂದಳು ಹೆಂಡತಿ, ಹುಡುಗಿಯ ಗದ್ದ ಎತ್ತಿ.

"ಮಳ್ಯಾಗ ತೋಯ್ದೇನಿ, ದೊಡ್ಡವ್ವ. ಚಳಿ ಹತ್ತೈತಿ."

"ಶುಂಠಿ ಹಾಕಿ ಚಾ ಮಾಡತೇನಿ ತಡಿ."

ಹುಡುಗಿ ಚಹಾ ಕುಡಿದಳು. ಮರುದಿನ ಗೋವಾಕ್ಕೆ ಹೋಗುವಾಗ ಹಿಂದಿನ ದಿನ ಬಿಟ್ಟಿದ್ದ ಉಡಿಯಕ್ಕಿಯ ಗಂಟನ್ನು ಕೇಳಿ ತೆಗೆದುಕೊಂಡಳು. ಪೆಟ್ಟಿಗೆ ಈ ಸಲ ತೊಡೆಯ ಮೇಲಿರಲಿಲ್ಲ, ಬಸ್ಸಿನ ಮೇಲಿನ ಹಲಗೆಯ ಮೇಲಿತ್ತು. ಹಿನ್ನೀರಿನ ಕಡೆ ಅಂದು ಹಿಡಿದ ಮಳೆ ಹಾಗೇ ಮುಂದುವರಿಯಿತು.

ತಿಂಗಳುಗಳ ಮೇಲೆ ಅವಳ ಫೋನು ಬಂತು. ಹೆಂಡತಿ ಹಿತ್ತಲಲ್ಲಿದ್ದಳು. ಮ್ಯಾಂಗನೀಸು ಮತ್ತು ಕಬ್ಬಿಣ ತಳದ ನೀರಿನಲ್ಲಿ ಧಾರಾಳವಾಗಿದ್ದವು. ಹೋದ ವರ್ಷದ್ದಕ್ಕೆ ಹತ್ತಿರ ಹತ್ತಿರ ಹೊಂದುತ್ತಿದ್ದವು, ಅವು ಸರಿಯಿರಬಹುದು ಎಂದಳು. ತಾಮ್ರ ಮತ್ತು ಸತು ಮಾತ್ರ ಒಂದು ಬಾಟಲಿಯಿಂದ ಇನ್ನೊಂದಕ್ಕೆ ಸಂಬಂಧವೇ ಇಲ್ಲದಂತೆ ಬಂದಿದ್ದವು. ಒಂದರಲ್ಲಂತೂ ತಾಮ್ರ ಎಷ್ಟಿತ್ತೆಂದರೆ, ಯಾವ ಗಣಿಯ ಬಾಯಲ್ಲಿ ತುಂಬಿಸಿದಿರಿ ಎಂದು ಪ್ರಯೋಗಶಾಲೆಯವರು ಕೇಳಿದರಂತೆ.

"ಕಬ್ಬಿಣದ್ದರ ಹಾಕಾಕ ಬರೂದಿಲ್ಲೇನು?"

"ಒಂದು ಕೆಟ್ರ ಎಲ್ಲಾ ಕೆಟ್ಟಂಗ ದೊಡ್ಡಪ್ಪ. ಇರಬಹುದು ಅಂತ ಬರಿಯಾಕ ಬರೂದಿಲ್ಲ. ಗೈಡ್ ಹೇಳೂದೂ ಖರೆ ಐತಿ."

"ಅವರಿಗೆ ಏನಾತು ಅಂತ ಹೇಳಿದಿ?"

"ಬಾಟಲಿ ಸರಿ ಇರಲಿಲ್ಲ ಅಂದೆ." ಫೋನಿಡುವ ಮುಂಚೆ ಸೇರಿಸಿದಳು: "ದೊಡ್ಡವ್ವಗ ಹೇಳಬ್ಯಾಡ್ರಿ ಮತ್ತ."

ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತೋ ತಿಳಿಯದು. ಹೇಳದೇ ಇದ್ದುದರಿಂದ ಆಗುತ್ತಿರುವುದು ಇಷ್ಟು: ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ, ನಮ್ಮ ಹುಡುಗಿ ದೊಡ್ಡ ನೀರಿಗೆ ಹೋದಾಗ ಬಾಟಲಿಗಳಿಗೂ ತಾನು ಉಡಿ ತುಂಬಿ ಕಳಿಸಿದ್ದನ್ನು ವಿವರವಾಗಿ ಹೇಳುತ್ತಾಳೆ. ಬಂದವರು ಮೆಚ್ಚುತ್ತಾರೆ. ಹೌದಲ್ರಿ ಸರ ಎಂದು ನನ್ನ ಕಡೆ ತಿರುಗುತ್ತಾರೆ. ನಾನು ಹೌದು ಎನ್ನುತ್ತೇನೆ. ತಾಮ್ರದ ತಾಟು ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ದೇವರ ಜಗಲಿಯ ಮೇಲೆ ಹೊಳೆಯುತ್ತಿರುತ್ತದೆ.

ಪ್ರಬಂಧ ಆ ವರ್ಷದ ಕೊನೆಗೆ ಸಲ್ಲಿಕೆಯಾಯಿತು. ಪದವಿ ಬಂತು. ಅದರಲ್ಲಿರುವ ಅಧ್ಯಾಯಗಳೆಲ್ಲ ಸಮುದ್ರದವು. ಕಾಳಿ ನದಿ ಅದರಲ್ಲಿ ಇಲ್ಲ.